ಕುರಿಯ ಬಣ್ಣವೂ ಮಂದೆಯ ಫಲವೂ

ಸಂತೆಯಲ್ಲಿ ಟಗರನ್ನು ಕೊಳ್ಳಲು ಬಂದವರು ಹಲ್ಲನ್ನು ನೋಡುವುದಕ್ಕೆ ಮೊದಲೇ ಬಣ್ಣವನ್ನು ನೋಡುತ್ತಾರೆ. 1368ರ ಬುಕ್ಕರಾಯನ ಶಾಸನದಿಂದ ಇತಿಹಾಸಜ್ಞರಿಗೆ ಪರಿಚಿತವಾದ, ಮಾಗಡಿ ಸೀಮೆಯ ನಮ್ಮ ಕಲ್ಯದಲ್ಲಿಯೂ ಇದೇ ಪದ್ಧತಿ. ಹತ್ತಿಪ್ಪತ್ತು ಕುರಿಗಳನ್ನೇ ನಂಬಿದ ಮನೆಗಳಿಗೆ ಬೀಜದ ಟಗರಿನ ಆಯ್ಕೆ ಎಂದರೆ ಬರುವ ವರ್ಷದ ಅನ್ನದ ಆಯ್ಕೆ. ಅದನ್ನು ಬಣ್ಣವೊಂದಕ್ಕೇ ಒಪ್ಪಿಸಿಬಿಡಬಹುದೆ?

ಕರಿಯ ಬಣ್ಣಕ್ಕೆ ಬೆಲೆಯಿದ್ದ ಕಾಲವೊಂದಿತ್ತು. ದಖ್ಖನಿ ಕುರಿಯ ಕರಿಯ ತುಪ್ಪಟಕ್ಕೆ ಬಣ್ಣ ಹಾಕುವ ಕೆಲಸವಿಲ್ಲ. ಕತ್ತರಿಸಿ, ಹಿಂಜಿ, ನೂತು, ಹಾಸಿನ ನೂಲಿಗೆ ಹುಣಿಸೆಬೀಜದ ಸರಿಯನ್ನು ಹಚ್ಚಿ ನೆಯ್ದರೆ ಕಂಬಳಿ ಸಿದ್ಧ. ಮಳೆಗೂ ಚಳಿಗೂ ಕುರುಬರ ಶುಭಕಾರ್ಯದ ಗದ್ದುಗೆಗೂ ಅದೇ. ಈಗ ಒರಟು ತುಪ್ಪಟದ ಬೆಲೆಯು ಅನೇಕ ಕಡೆ ಕತ್ತರಿಸುವ ಕೂಲಿಗೂ ಸಾಲದು, ಮಾಂಸಕ್ಕೇ ಮಾರುಕಟ್ಟೆ. ಆದುದರಿಂದ ಎಲ್ಲರ ಕಣ್ಣೂ ಬನ್ನೂರು ಕುರಿಯ ಮೇಲೆ. ಅದಕ್ಕೆ ಹೆಸರು ಬಂದುದು ಗಿಡ್ಡ ಕಾಲು, ತುಂಬಿದ ತೊಡೆ, ಮಾಂಸದ ರುಚಿ ಇವುಗಳಿಂದ. ಬಿಳುಪು ಅದರ ಗುರುತು ಮಾತ್ರ. ಗುರುತನ್ನೇ ಗುಣವೆಂದು ಭಾವಿಸಿ, ಮೈ ಬೆಳ್ಳಗಿದ್ದ ಯಾವ ಟಗರಿಗಾದರೂ ಹೆಚ್ಚು ಹಣ ಸುರಿಯುವವರನ್ನು ನಾವು ಕಂಡಿದ್ದೇವೆ.

ಕರಿಯ ಕುರಿ ಬಿಸಿಲಿಗೆ ಬೇಗ ಸೊರಗುವುದೆಂಬ ಮಾತೂ ಉಂಟು. ಕರಿಯ ತುಪ್ಪಟದ ಮೇಲ್ಭಾಗವು ಬಿಳಿಯದಕ್ಕಿಂತ ಹೆಚ್ಚು ಕಾಯುವುದು ನಿಜ. ಆದರೆ ದಟ್ಟ ತುಪ್ಪಟದೊಳಗೆ ಸಿಕ್ಕ ಗಾಳಿಯು ಆ ಶಾಖವನ್ನು ಚರ್ಮಕ್ಕೆ ಸುಲಭವಾಗಿ ಇಳಿಯಗೊಡದು.

ಹಾಗೆಂದು ಬಣ್ಣಕ್ಕೂ ದೇಹಕ್ಕೂ ಸಂಬಂಧವೇ ಇಲ್ಲವೆಂದು ಹೇಳಲಾಗದು. ಬುಖಾರದ ಮರುಭೂಮಿಯಲ್ಲಿ ಕರಾಕುಲ್ ಎಂಬ ತಳಿಯುಂಟು. ಹುಟ್ಟಿದ ಒಂದೆರಡು ದಿನಗಳಲ್ಲೇ ಮರಿಯನ್ನು ಕೊಂದು, ಸುರುಳಿ ರೋಮದ ಚರ್ಮವನ್ನು ತೆಗೆಯುತ್ತಾರೆ. ಜಿನ್ನಾ ಟೋಪಿಯೆಂದು ಹೆಸರಾದುದು ಈ ಚರ್ಮದ್ದೇ. (ಈ ವ್ಯಾಪಾರ ನಮಗೆ ಹಿಡಿಸದು, ಆದರೆ ಅದರಿಂದ ಕಲಿಯತಕ್ಕದ್ದಿದೆ.) ಈ ತಳಿಯಲ್ಲಿ ಕರಿಯದು ಸಾಮಾನ್ಯ, ಬೂದುಬಣ್ಣದ್ದು ಬಹು ಮೆಚ್ಚಿನದು. ಬೂದು ಟಗರನ್ನು ಬೂದು ಕುರಿಗೆ ಕೂಡಿಸಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ಕರಿಯದು, ಎರಡು ಬೂದು, ಇನ್ನೊಂದು ತಂದೆತಾಯಿಗಳಿಬ್ಬರಿಂದಲೂ ಬೂದಿನ ಅಂಶವನ್ನು ಪಡೆದದ್ದು. ಈ ಕೊನೆಯದರ ನಾಲಗೆಯೂ ಅಂಗುಳೂ ಬಣ್ಣವಿಲ್ಲದೆ ಬೆಳ್ಳಗಿರುತ್ತವೆ. ಹಾಲು ಕುಡಿಯುವವರೆಗೆ ಅದು ಆಡಿಕೊಂಡಿರುತ್ತದೆ. ಹುಲ್ಲು ಮೇಯತೊಡಗಿದ ಮೇಲೆ ಹೊಟ್ಟೆಯುಬ್ಬರಿಸಿ ಸಾಯುತ್ತದೆ. ಮೆಲುಕಿನ ಹೊಟ್ಟೆಯನ್ನು ನಡೆಸುವ ನರಗಳೇ ಅದರಲ್ಲಿ ಸರಿಯಾಗಿ ಬೆಳೆದಿರುವುದಿಲ್ಲ. ಬಣ್ಣವನ್ನು ಕೊಟ್ಟ ಅಂಶವೇ ಇಮ್ಮಡಿಯಾದಾಗ ಪ್ರಾಣವನ್ನು ಕೇಳುವುದು! ಬೂದು ಟಗರನ್ನು ಕರಿಯ ಕುರಿಗೆ ಕೂಡಿಸಿದರೋ, ನಾಲ್ಕರಲ್ಲಿ ಎರಡು ಬೂದು, ಎರಡು ಕರಿಯವು; ಸಾವಿಲ್ಲ. ಬೂದು ಮರಿಗಳ ಸಂಖ್ಯೆ ಎರಡು ವಿಧದಲ್ಲೂ ಎರಡೇ ಎಂಬುದನ್ನು ವಾಚಕರು ಗಮನಿಸಬೇಕು. ಬೂದಿಗೆ ಬೂದನ್ನೇ ಸೇರಿಸಿದ ಆಶೆಗೆ ದೊರೆತ ಲಾಭ ಒಂದು ಹೆಣ.

ನಮ್ಮ ನಾಡಕುರಿಯ ಕರಿಬಣ್ಣದಲ್ಲಿ ಇಂಥ ಕೇಡಿಲ್ಲ. ಕರಿಗೆ ಕರಿ ಸೇರಿದರೆ ಭಯವಿಲ್ಲ. ಭಯವಿರುವುದು ಬೇರೆಡೆ: ಮಂದೆಯಲ್ಲೇ ಹುಟ್ಟಿದ ಟಗರು ತನ್ನ ತಾಯಿ ತಂಗಿಯರಿಗೇ ಕೂಡುವುದರಲ್ಲಿ. ಅದರಿಂದ ಮರಿಗಳು ಬಲಹೀನವಾಗುತ್ತವೆ. ಈ ವರ್ಷ ನಮ್ಮ ಮನೆಯಲ್ಲಿ ಅತ್ತಿಗೆಯವರು ತಾವು ಸಾಕಿದ ಕರಿಯ ಟಗರನ್ನೇ ಉಳಿಸಬೇಕೆಂದರು. ಹುಡುಗರು ಬಿಳಿಯದನ್ನು ತರಬೇಕೆಂದರು. ಮಕ್ಕಳ ಶಾಲೆಯ ಖರ್ಚೆಲ್ಲ ಮರಿಗಳಿಂದಲೇ ಹುಟ್ಟಬೇಕಾದುದರಿಂದ ಎರಡು ರಾತ್ರಿ ಮಾತು ನಡೆಯಿತು. ಕಡೆಗೆ ನಮ್ಮದನ್ನು ಕೊಟ್ಟು ನೆರೆಯ ಹಟ್ಟಿಯಿಂದ ಒಂದನ್ನು ತಂದೆವು. ಅದರ ತಾಯಿ ಎರಡು ಸೂಲುಗಳಲ್ಲಿ ಅವಳಿಮರಿಗಳನ್ನು ಈದು, ಎರಡಕ್ಕೂ ಹಾಲು ಸಾಲಿಸಿದ್ದಳು. ಹುಡುಗರು ಆ ತಾಯಿಯ ಕೆಚ್ಚಲನ್ನು ನೋಡಿ ಒಪ್ಪಿದರು. ಟಗರು ಕರಿಯದೇ ಆಗಿದ್ದುದರಿಂದ ಅತ್ತಿಗೆಯವರನ್ನು ಒಪ್ಪಿಸಬೇಕಾಗಲಿಲ್ಲ.