ಕೂಸಿನ ಲೆಕ್ಕ

ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಪಟ್ಟಿ ಬರೆದವನು ನಾನು. ಆದುದರಿಂದ ಪಟ್ಟಿ ಹಿಡಿದು ಮನೆಗೆ ಬರುವವರನ್ನು ಕಂಡರೆ ನನಗೆ ಅಷ್ಟೇನೂ ಭಕ್ತಿ ಇಲ್ಲ. ಸಾಹೇಬರು ಬರುವ ದಿನ ಇಲ್ಲದ ಹುಡುಗನನ್ನು ಹಾಜರು ಮಾಡಿಸುವ ವಿದ್ಯೆ ನನಗೂ ಗೊತ್ತು.

ಕಳೆದ ವರ್ಷ ಮಗಳು ಚೊಚ್ಚಲ ಬಾಣಂತನಕ್ಕೆ ಇಳಕಲ್ಲಿನ ನಮ್ಮ ಮನೆಗೆ ಬಂದಾಗ ಈ ಅಶ್ರದ್ಧೆಗೆ ಪರೀಕ್ಷೆ ಒದಗಿತು. ಅವಳನ್ನು ಕೊಟ್ಟದ್ದು ಬಾದಾಮಿಗೆ. ತಾಯಿ ಕಾರ್ಡು ಮಾಡಿಸಿದ್ದೂ ಅಲ್ಲಿಯೇ. ಹೆರಿಗೆಯಾದದ್ದು ಬಾಗಲಕೋಟೆಯಲ್ಲಿ. ಮೂರನೆಯ ದಿನ ಕೂಸಿನೊಡನೆ ತವರಿಗೆ ಬಂದಳು. ಸರಕಾರದ ಕಂಪ್ಯೂಟರಿನಲ್ಲಿ ಬಸುರಿಗೊಂದು ಸಂಖ್ಯೆ ಉಂಟು. ಆದರೆ ಮನೆಗೆ ಹೋಗಿ ನೋಡಬೇಕಾದ ಆಶಾ ಕಾರ್ಯಕರ್ತೆಯ ಪಟ್ಟಿ ಆಯಾ ಊರಿನದು. “ಅತ್ತಿ ಮನ್ಯಾಗ ಸಂಖ್ಯೆ, ತವರಮನ್ಯಾಗ ಕೂಸು! ಇದು ಯಾರ ಲೆಕ್ಕಕ್ಕೂ ಇಲ್ಲ ಬಿಡು,” ಎಂದು ನಾನು ನಗುತ್ತಿದ್ದೆ. ಸಂಜೆಗೆ ಗುಲಾಬಿ ಸೀರೆಯ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತಿದ್ದಳು.

“ಬಾದಾಮಿ ಅಕ್ಕಾರು ಫೋನ್ ಮಾಡಿದ್ರು, ಮಾಸ್ತರ. ‘ನಮ್ಮ ಬಾಣಂತಿ ನಿಮ್ಮ ಓಣಿಗೆ ಬಂದಾಳ, ನೋಡ್ಕೋರಿ’ ಅಂದ್ರು.”

ಇಳಕಲ್ ಸೀರೆಯಲ್ಲಿ ಮೈಯ ಎಳೆಗಳಿಗೂ ಸೆರಗಿನ ಎಳೆಗಳಿಗೂ ನೇಕಾರರು ಕೊಂಡಿ ಹಾಕಿ ಜೋಡಿಸುತ್ತಾರೆ. ಕೊಂಡಿ ತಪ್ಪಿದರೆ ಮೈ ಬೇರೆ, ಸೆರಗು ಬೇರೆ. ಆ ಎರಡು ಪಟ್ಟಿಗಳ ನಡುವಿನ ಕೊಂಡಿ ಇಬ್ಬರು ಹೆಣ್ಣುಮಕ್ಕಳ ಮಾತಾಗಿತ್ತು.

ಆಕೆ ಸಾಬೂನಿನಿಂದ ಕೈ ತೊಳೆದಳು, ಕೂಸನ್ನು ಜೋಳಿಗೆಯಲ್ಲಿಟ್ಟು ತೂಗಿದಳು, ಜ್ವರ ನೋಡಿದಳು, ಗಡಿಯಾರ ಹಿಡಿದು ಒಂದು ನಿಮಿಷ ಉಸಿರು ಎಣಿಸಿದಳು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ ಇಂಥ ಆರು ಭೇಟಿ: 3, 7, 14, 21, 28, 42ನೆಯ ದಿನ. ಇದರ ಹಿಂದೆ ದೊಡ್ಡ ಕಥೆಯೇ ಇದೆ. 1990ರ ದಶಕದಲ್ಲಿ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಣ್ಣುಮಕ್ಕಳಿಗೇ ಎಳೆಗೂಸಿನ ಆರೈಕೆ ಕಲಿಸಿ, ಮನೆಯಲ್ಲಿಯೇ ಎಷ್ಟೋ ಜೀವ ಉಳಿಸಬಹುದೆಂದು ತೋರಿಸಿಕೊಟ್ಟರು. 2011ರಲ್ಲಿ ಸರಕಾರ ಅದನ್ನು ಆಶಾ ಕಾರ್ಯಕರ್ತೆಯರ ಕೆಲಸಕ್ಕೆ ಸೇರಿಸಿತು. ಇದೆಲ್ಲ ನಾನು ಆಮೇಲೆ ತಿಳಿದದ್ದು. ಆಗ ಮಾತ್ರ, ಇದೂ ಒಂದು ಪಟ್ಟಿ ಎಂದುಕೊಂಡು ಪತ್ರಿಕೆ ಓದುತ್ತ ಕುಳಿತಿದ್ದೆ.

ಹದಿನಾಲ್ಕನೆಯ ದಿನ ಕೂಸು ಹಾಲು ಸರಿಯಾಗಿ ಕುಡಿದಿರಲಿಲ್ಲ. ಆಕೆ ಎಣಿಸಿದಳು: ಅರವತ್ತೆಂಟು. “ಈಗಷ್ಟೇ ಅತ್ತೈತಿ, ಅದಕ್ಕ,” ಎಂದೆ ನಾನು. ಆಕೆ ವಾದಿಸಲಿಲ್ಲ. ಕೂಸು ಶಾಂತವಾಗುವ ತನಕ ಕುಳಿತಿದ್ದು ಮತ್ತೆ ಎಣಿಸಿದಳು: ಎಪ್ಪತ್ತು. ನಿಮಿಷಕ್ಕೆ ಅರವತ್ತು ಮುಟ್ಟಿದರೆ ಅಪಾಯದ ಗುರುತಂತೆ.

ನನ್ನಾಕೆ ಉಪ್ಪು ಮೆಣಸಿನಕಾಯಿ ಹಿಡಿದು ಬಂದಳು. “ದೃಷ್ಟಿ ತಾಗೈತಿ. ಬಾಣಂತಿನ ಹೊರಗ ಕಳಸಂಗಿಲ್ಲ.”

“ದೃಷ್ಟಿನೂ ತಗೀರಿ ಅವ್ವಾರ, ಗಾಡಿನೂ ತರಸ್ರಿ,” ಎಂದಳು ಆಕೆ. ಒಲೆಯಲ್ಲಿ ಮೆಣಸಿನಕಾಯಿ ಚಟಚಟ ಎನ್ನುವಷ್ಟರಲ್ಲಿ ಗಾಡಿ ಬಂತು. ಹುನಗುಂದ ದಾಟಿ ಬಾಗಲಕೋಟೆ ಮುಟ್ಟುವವರೆಗೆ ಆಕೆ ಕೂಸಿನ ಎದೆಯಿಂದ ಕಣ್ಣು ತೆಗೆಯಲಿಲ್ಲ. ಎದೆಯಲ್ಲಿ ಸೋಂಕು ಎಂದರು. ಎಂಟು ದಿನದ ಮೇಲೆ ಮನೆಗೆ ಬಂದೆವು, ಕೂಸಿನ ಸಮೇತ.

“ಈ ಎಣಿಕೆ ಎಲ್ಲಿ ಕಲತಿ, ತಂಗಿ?” ಎಂದು ಕೇಳಿದೆ.

“ತರಬೇತ್ಯಾಗ್ರಿ. ವಿಡಿಯೋದಾಗ ಕೂಸಿನ ಎದಿ ತೋರಿಸಿ ಎಣಸಾಕ ಹಚ್ಚತಿದ್ರು. ಮೂರು ಸಲ ನನ್ನ ಲೆಕ್ಕ ತಪ್ಪಿತ್ತು. ಬೈಲಿಲ್ರಿ, ಮತ್ತ ಎಣಸು ಅಂದ್ರು.”

ನನಗೆ ಮಾತು ಹೊರಡಲಿಲ್ಲ. ಲೆಕ್ಕ ತಪ್ಪಿದ ಹುಡುಗರ ಪಾಟಿಯ ಮೇಲೆ ಅಡ್ಡಗೆರೆ ಎಳೆದು ಮುಂದೆ ಹೋದವನು ನಾನು. ಮತ್ತೆ ಎಣಿಸು ಎಂದದ್ದು ಎಷ್ಟು ಸಲ?

ಆಕೆಯ ಪುಸ್ತಕದಲ್ಲಿ ಹದಿನಾಲ್ಕನೆಯ ದಿನದ ಎದುರು ಒಂದು ಗುರುತು, ಒಂದು ಅಂಕಿ ಇದೆ. ಅಳುವ ಕೂಸಿನ ಮುಂದೆ ಸುಮ್ಮನೆ ಕಾದದ್ದಕ್ಕೆ, ನನ್ನಾಕೆಯನ್ನು ಒಪ್ಪಿಸಿದ್ದಕ್ಕೆ ಅಲ್ಲಿ ಕಾಲಮ್ಮು ಇಲ್ಲ.

ಐದನೆಯ ತಿಂಗಳಲ್ಲಿ ಮಗಳು ಗಂಡನ ಮನೆಗೆ ಹೊರಟಳು. ತೊಟ್ಟಿಲು ಗಾಡಿಗೆ ಏರುತ್ತಿದ್ದಂತೆ, ಕಟ್ಟೆಯ ಮೇಲಿಂದ ಆಕೆಯ ದನಿ ಕೇಳಿಸಿತು: “ಬಾದಾಮಿ ಅಕ್ಕಾರ, ನಿಮ್ಮ ಕೂಸು ಬರಾಕತ್ತೈತಿ, ನೋಡ್ಕೋರಿ.”