ಮೆಣವಲಿಯ ಗಂಟೆ

ಕಲ್ಲು, ತಾಮ್ರಪಟಗಳಂತೆ ಗಂಟೆಯನ್ನೂ ಶಾಸನವಾಗಿ ಓದಬೇಕೆಂಬುದು ಮೆಣವಲಿಯಲ್ಲಿ ನನಗೆ ಮನದಟ್ಟಾಯಿತು. ಸಾತಾರಾ ಜಿಲ್ಲೆಯ ವಾಯಿ ಪಟ್ಟಣದ ಸಮೀಪ, ಕೃಷ್ಣಾತೀರದಲ್ಲಿರುವ ಈ ಊರು ಪೇಶ್ವೆಗಳ ಮುತ್ಸದ್ದಿ ನಾನಾ ಫಡ್ನವೀಸನ ವಾಡೆಯಿಂದ ಪ್ರಸಿದ್ಧ. ನದಿಯ ಸೋಪಾನಗಳ ಬಳಿ, ಮೇಣೇಶ್ವರ ಗುಡಿಯ ಮಗ್ಗುಲಲ್ಲಿ, ಪುಟ್ಟ ಮಂಟಪದೊಳಗೆ ಭಾರಿ ಗಂಟೆಯೊಂದು ತೂಗುತ್ತಿದೆ. ಅದರ ಮೈಮೇಲೆ ಶಿಶು ಯೇಸುವನ್ನೆತ್ತಿಕೊಂಡ ಮೇರಿಯ ಉಬ್ಬುಚಿತ್ರವಿದೆ. 1707 ಎಂಬ ಇಸವಿಯೂ ಇದೆ.

1739ರ ಮೇ ತಿಂಗಳಲ್ಲಿ, ಒಂದನೆಯ ಬಾಜೀರಾಯನ ತಮ್ಮ ಚಿಮಾಜಿ ಅಪ್ಪ ಪೋರ್ಚುಗೀಸರಿಂದ ವಸಾಯಿ ಕೋಟೆಯನ್ನು ಗೆದ್ದುಕೊಂಡನು. ಅಲ್ಲಿನ ಇಗರ್ಜಿಗಳ ಗಂಟೆಗಳು ವಿಜಯದ ಕುರುಹಾಗಿ ಘಟ್ಟವೇರಿ ದೇವಾಲಯಗಳನ್ನು ಸೇರಿದವು. ಭೀಮಾಶಂಕರದಲ್ಲಿಯೂ ನಾಸಿಕದ ನಾರೋಶಂಕರ ಗುಡಿಯಲ್ಲಿಯೂ ಇಂಥ ಗಂಟೆಗಳಿವೆ. ಮೆಣವಲಿಯದನ್ನು ಚಿಮಾಜಿಯೇ ನಾನಾನಿಗೆ ಕೊಟ್ಟನೆಂದು ಹೇಳುವುದುಂಟು. ಕಾಲಗಣನೆ ಇದನ್ನು ಒಪ್ಪದು. ಚಿಮಾಜಿ ತೀರಿಕೊಂಡದ್ದು 1740ರಲ್ಲಿ. ನಾನಾ ಹುಟ್ಟಿದ್ದು 1742ರಲ್ಲಿ. ಹಾಗಾದರೆ ಗಂಟೆ ನಾನಾನ ಊರನ್ನು ಸೇರುವ ಮೊದಲು ನಡುವೆ ಮತ್ತೊಂದು ಕೈ ಇದ್ದಿರಲೇಬೇಕು. ಇದೇ ವಾಡೆಯ ಮೋಡಿ ಲಿಪಿಯ ಕಾಗದಗಳು ‘ಮೆಣವಲಿ ದಫ್ತರ’ವೆಂದು ಇತಿಹಾಸಕಾರರಿಗೆ ಪರಿಚಿತವಾಗಿವೆ. ಐತಿಹ್ಯವನ್ನು ಇಸವಿಯೊಡನೆ ತೂಗಿ ನೋಡುವ ಪಾಠವನ್ನು ಆ ಕಾಗದಗಳಿಗಿಂತ ಮೊದಲೇ ಗಂಟೆ ಕಲಿಸುತ್ತದೆ.

ಯುರೋಪಿನ ಇಗರ್ಜಿಗಳಲ್ಲಿ ಸಾಮಾನ್ಯವಾಗಿ ಗಂಟೆಯೇ ತೂಗಾಡಿ ನುಡಿಯುತ್ತದೆ. ನಮ್ಮ ಗುಡಿಗಳಲ್ಲಿ ಭಕ್ತನು ನಾಲಗೆಯನ್ನೆಳೆದು ಬಾರಿಸುತ್ತಾನೆ. ಮೊದಲನೆಯದು ಊರನ್ನು ಕರೆಯುವ ದನಿ. ಎರಡನೆಯದು ದೇವರಿಗೆ ತನ್ನ ಬರವನ್ನು ಅರುಹುವ ದನಿ. ಲೋಹ ಅದೇ ಉಳಿದರೂ ಅದರ ಕೆಲಸ ಬದಲಾಯಿತು.

ಆದರೆ ಚಿತ್ರವನ್ನು ಯಾರೂ ಉಜ್ಜಿ ಅಳಿಸಲಿಲ್ಲ. ಬಸದಿಗಳು ಗುಡಿಗಳಾದ ಕಡೆ ಬಾಗಿಲವಾಡದ ಜಿನಬಿಂಬವನ್ನು ಕೆತ್ತಿ ತೆಗೆದಿರುವುದನ್ನೂ, ಹಾಗೆಯೇ ಉಳಿಸಿರುವುದನ್ನೂ ಕಂಡಿರುವ ನಮಗೆ ಈ ವ್ಯತ್ಯಾಸ ಸಣ್ಣದಲ್ಲ. ಅದು ಔದಾರ್ಯವೇ, ಉದಾಸೀನವೇ, ಅಥವಾ ವೈರಿಯ ಗುರುತಿಲ್ಲದಿದ್ದರೆ ವಿಜಯಕ್ಕೆ ಸಾಕ್ಷಿಯಿಲ್ಲವೆಂಬ ಎಣಿಕೆಯೇ? ಮೂರನೆಯದೇ ಹೆಚ್ಚು ಸಂಭವನೀಯವೆಂದು ನನಗೆ ತೋರುತ್ತದೆ. ಹಾಗಿದ್ದರೂ ಆ ಎಣಿಕೆಯೇ ಸೋತವರ ಸ್ಮೃತಿಯನ್ನೂ ಕಾಪಾಡಿತು. ವಸಾಯಿ ಕೋಟೆಯೊಳಗಿನ ಇಗರ್ಜಿಗಳು ಇಂದು ಪಾಳುಬಿದ್ದಿವೆ. ಅವುಗಳ ಕಥೆಯ ಒಂದು ಪುಟವನ್ನು ಶಿವನ ಗುಡಿಯ ಅಂಗಳದಲ್ಲಿ ನಿಂತು ಓದಬೇಕು. ಅದನ್ನು ಗೆದ್ದವರ ಗಂಟೆಯೆಂದಷ್ಟೇ ಓದುವವರು ಶಾಸನದ ಅರ್ಧವನ್ನು ಮಾತ್ರ ಓದಿದಂತೆ.