ನೀಲಿ ಕಾಗದದ ಮೇಲಿನ ತುಂಬೆ

ನೀಲನಕ್ಷೆ ಎಂಬ ಮಾತು ದಿನಾ ಪೇಪರಿನಲ್ಲಿ ಕಾಣುತ್ತದೆ. ಆ ಮಾತಿಗೆ ಹೆಸರು ಕೊಟ್ಟ ನೀಲಿಯನ್ನು ಕಣ್ಣಾರೆ ಕಂಡವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ನಾನು ಅದನ್ನು ಕಂಡದ್ದು ಅರಸೀಕೆರೆಯ ನಮ್ಮ ಹಿತ್ತಲಲ್ಲಿ, ಹಂಡೆಯ ನೀರಿನಲ್ಲಿ.

ಸೋದರಮಾವ ಇಂಜಿನಿಯರರ ಕಚೇರಿಯಲ್ಲಿ ಟ್ರೇಸರ್. ನಕ್ಷೆಗೆ ಕತ್ತರಿಸಿ ಮಿಕ್ಕ ಫೆರೋ ಕಾಗದದ ತುಂಡುಗಳನ್ನು ಬೆಳಕು ತಾಗದಂತೆ ಸುತ್ತಿ ತರುತ್ತಿದ್ದರು. ಕತ್ತಲ ಕೋಣೆಯಲ್ಲಿ ಅದನ್ನು ಬಿಚ್ಚಿ, ಬೇರುಸಮೇತ ಕಿತ್ತ ತುಂಬೆಗಿಡವನ್ನು ಮೇಲೆ ಹರಡಿ, ಹಳೆಯ ಪಟದ ಗಾಜನ್ನು ಹೇರಿ ಬಿಸಿಲಿಗೆ ತರುತ್ತಿದ್ದೆವು. "ಅಳ್ಳಾಡಿಸ್ಬೇಡ್ರೋ, ಸೂರ್ಯ ಬರೀತಾವ್ನೆ" ಎನ್ನುತ್ತಿದ್ದರು ಮಾವ. ಹಸಿರುಹಳದಿ ಕಾಗದ ನೋಡನೋಡುತ್ತ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ನೀರಿಗೆ ಅದ್ದಿದರೆ ಹಳದಿಯೆಲ್ಲ ಕರಗಿ, ಕಡುನೀಲಿಯ ನಡುವೆ ಬೆಳ್ಳಗೆ ತುಂಬೆ! ಎಲೆ ದಪ್ಪವಿದ್ದಲ್ಲಿ ಅಚ್ಚ ಬಿಳುಪು, ಹೂವಿನ ಎಸಳಿನಲ್ಲಿ ಬೆಳಕು ಸೋಸಿ ಬಂದು ತೆಳುನೀಲಿ. ನಾಚಿಕೆಮುಳ್ಳು ಮಾತ್ರ ಕಾಗದದ ಮೇಲೂ ಮುದುಡಿಕೊಂಡೇ ಇರುತ್ತಿತ್ತು.

ಇದೇ ವಿದ್ಯೆಯನ್ನು 1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಕಂಡುಹಿಡಿದರೆಂದೂ, ಮರುವರ್ಷವೇ ಆನಾ ಆಟ್ಕಿನ್ಸ್ ಎಂಬ ಹೆಣ್ಣುಮಗಳು ಕ್ಯಾಮೆರಾ ಮುಟ್ಟದೆ ಕಡಲಪಾಚಿಗಳ ನೀಲಿ ಪುಸ್ತಕ ಮಾಡತೊಡಗಿದರೆಂದೂ ಬಹಳ ತಡವಾಗಿ ಓದಿದೆ. ಓದುವಾಗ ಆಕೆ ನಮ್ಮ ಹಿತ್ತಲಿನಲ್ಲೇ ಕುಕ್ಕರಗಾಲಲ್ಲಿ ಕೂತಂತೆ ಅನ್ನಿಸಿತು.

ರಜೆಗೆ ಅಜ್ಜಿಯ ಊರು ಹಳೇಬೀಡಿಗೆ ಹೋದರೆ ದ್ವಾರಸಮುದ್ರ ಕೆರೆಯ ಏರಿಯ ಒಂದೆಲಗ ನಮ್ಮದಾಗುತ್ತಿತ್ತು. ಅರ್ಧ ಅಜ್ಜಿಯ ಚಟ್ನಿಗೆ, ಅರ್ಧ ಗಾಜಿನ ಅಡಿಗೆ. ಅಲ್ಲಿ ಗುಡಿಯ ಗೋಡೆಯಲ್ಲಿ ಆನೆಗಳ, ಸಿಂಹಗಳ ಸಾಲಿನ ಮೇಲೆ ಕಲ್ಲಿನ ಬಳ್ಳಿ ಹರಿದಿದೆ. ಓಕ್ಲಿ ಎಂಬಾತ ಹಳೇಬೀಡಿನ ಗುಡಿಯ 56 ಫೋಟೋಗಳ ಪುಸ್ತಕವನ್ನು 1859ರಲ್ಲೇ ಲಂಡನ್ನಿನಲ್ಲಿ ಹೊರತಂದಿದ್ದ. ಕೆರೆ ಏರಿಯ ಹಸಿ ಬಳ್ಳಿಗಳಿಗೆ ಅಂಥ ಅದೃಷ್ಟ ಬರಲು ಬಹುಕಾಲ ಹಿಡಿಯಿತು. ಸಲ್ಡಾನ್ಹಾ ಮತ್ತು ನಿಕಲ್ಸನ್ ಅವರ ಹಾಸನ ಜಿಲ್ಲೆಯ ಸಸ್ಯಗಳ ದೊಡ್ಡ ಪುಸ್ತಕ ಬಂದದ್ದು 1976ರಲ್ಲಿ. ಅದನ್ನು ಮೊದಲ ಬಾರಿ ಕೈಗೆತ್ತಿಕೊಂಡಾಗ ನಾನು ಹುಡುಕಿದ್ದು ತುಂಬೆಯನ್ನೇ.

ಈಗ ಮೊಮ್ಮಗಳು ಫೋನು ಹಿಡಿದರೆ ಸಾಕು, ಗಿಡದ ಹೆಸರು ಬರುತ್ತದೆ. ಒಳ್ಳೆಯದೇ, ನನಗೂ ಗೊತ್ತಿಲ್ಲದ ಎಷ್ಟೋ ಹೆಸರು ಅವಳಿಂದ ಕಲಿತೆ. ಆದರೆ ಅವಳು ಮಂಡಿಯೂರುವುದಿಲ್ಲ, ಬೇರಿನ ಮಣ್ಣು ಕೊಡವುವುದಿಲ್ಲ, ಬಿಸಿಲು ಬರೆದು ಮುಗಿಸಲಿ ಎಂದು ಕಾಯುವುದಿಲ್ಲ. ಬದುಗಳಿಗೆ ಕಳೆನಾಶಕ ಬಿದ್ದು ತುಂಬೆಯೂ ವಿರಳವಾಯಿತು. ಆದರೂ ಕಳೆ ಕಿತ್ತು ಕಿತ್ತು ಬಾಗಿದ ಅವ್ವನ ಬೆನ್ನು ನೆನಪಾದರೆ ಅದನ್ನು ಬಯ್ಯಲು ಬಾಯಿ ಬರುವುದಿಲ್ಲ. ಮಾವನ ಕಚೇರಿಯಲ್ಲಿ ಆಮೇಲೆ ಅಮೋನಿಯಾ ಪ್ರಿಂಟು ಬಂತು, ಈಗ ಕಂಪ್ಯೂಟರು. ಬಿಸಿಲನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ.

ಉಳಿದದ್ದು ಒಂದೇ ಹಾಳೆ. ಕಟ್ಟು ಹಾಕಿಸಿ ಕಿಟಕಿಯೆದುರು ತೂಗುಹಾಕಿದ್ದೆ. ಒಂದು ಬೇಸಿಗೆಗೆ ಬಣ್ಣ ಬಿಳಿಚಿಕೊಂಡಿತು. ಸಂಕಟಪಟ್ಟು ಟ್ರಂಕಿಗೆ ಸೇರಿಸಿದೆ. ಈ ನೀಲಿ ಬೆಳಕಿಗೆ ಸೋತರೂ ಕತ್ತಲಲ್ಲಿ ಚೇತರಿಸಿಕೊಳ್ಳುತ್ತದಂತೆ. ತಿಂಗಳುಗಳ ಮೇಲೆ ಮುಚ್ಚಳ ತೆಗೆದರೆ ನೀಲಿ ಮರಳಿತ್ತು, ಒಂದೆಲಗದ ಎಳೆಬೇರುಗಳೂ ಎಣಿಸುವಷ್ಟು ಸ್ಪಷ್ಟ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಮಾವನ ಅಕ್ಷರ: ಹಳೇಬೀಡು, ಕೆರೆ ಏರಿ, ಮಧ್ಯಾಹ್ನದ ಬಿಸಿಲು.